ಗ್ಯಾಸ್ ಗೀಸರ್ ಹತ್ತುತ್ತಿಲ್ಲವೇ? ಮೊದಲು ಅದರ ಸದ್ದು ಕೇಳಿ

ಬಿಸಿನೀರಿನ ನಳವನ್ನು ಪೂರ್ತಿ ತಿರುಗಿಸಿ, ಗೀಸರಿನ ಪಕ್ಕದಲ್ಲಿ ಹತ್ತು ಸೆಕೆಂಡು ಸುಮ್ಮನೆ ನಿಲ್ಲಿ. ‘ಇನ್ನೂ ಎಷ್ಟು ಹೊತ್ತು’ ಎಂದು ಬಾಗಿಲಾಚೆಯಿಂದ ಕೇಳುವವರಿಗೂ ಅಷ್ಟು ಹೊತ್ತು ತಡೆದುಕೊಳ್ಳಲು ಹೇಳಿ. ‘ಟಿಕ್ ಟಿಕ್ ಟಿಕ್’ ಎಂದು ಕಿಡಿಯ ಸದ್ದು ಬರುತ್ತದೆಯೇ, ಇಲ್ಲವೇ? ಸದ್ದು ಬಂದೂ ಬೆಂಕಿ ಹತ್ತುವುದಿಲ್ಲವೇ? ಹತ್ತಿದ ಬೆಂಕಿ ಆರಿಹೋಗುತ್ತದೆಯೇ? ಗ್ಯಾಸ್ ಗೀಸರಿನ ಕಾಯಿಲೆಗಳು ಹಲವು. ಆದರೆ ಹೆಚ್ಚಿನವು ಈ ಮೂರು ಬುಟ್ಟಿಗಳಲ್ಲಿ ಒಂದಕ್ಕೆ ಬೀಳುತ್ತವೆ. ಯಾವ ಬುಟ್ಟಿ ಎಂದು ತಿಳಿದುಕೊಳ್ಳದೆ ಪಾನಾ ಕೈಗೆತ್ತಿಕೊಂಡರೆ, ಅಥವಾ ಎತ್ತಿಕೊಂಡವನನ್ನು ಮನೆಗೆ ಕರೆದರೆ, ನಾನು ಕಳೆದುಕೊಂಡಂತೆ 1,600 ರೂಪಾಯಿ ಕಳೆದುಕೊಳ್ಳುತ್ತೀರಿ. ಆ ಕಥೆ ಮುಂದೆ ಬರುತ್ತದೆ.

ನಮ್ಮದು ಬೆಳಗಾವಿಯ ಅನಗೋಳದಲ್ಲಿ ಒಂದೇ ಅಂತಸ್ತಿನ ಮನೆ. ಊರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಮಾಳಿಗೆಯ ಟ್ಯಾಂಕಿನ ನೀರು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಅಜ್ಜಿಯ ಕಾಲದ ತಾಮ್ರದ ಬಂಬು ಈಗ ಹಿತ್ತಲಿನಲ್ಲಿ ಹಸಿರುಗಟ್ಟಿ ಕುಳಿತಿದೆ. ನಡುವಿನ ಕೊಳವೆಯಲ್ಲಿ ಕೆಂಡ, ಸುತ್ತಲೂ ನೀರು. ಅದಕ್ಕೆ ಬರುತ್ತಿದ್ದ ಕಾಯಿಲೆ ಒಂದೇ, ಬೂದಿ ಕಟ್ಟಿಕೊಳ್ಳುವುದು. ಮದ್ದೂ ಒಂದೇ, ಕಬ್ಬಿಣದ ಸರಳು. ಈಗ ಬಚ್ಚಲಮನೆಯ ಹೊರಗೋಡೆಗೆ ತೂಗುಹಾಕಿರುವ, ನಿಮಿಷಕ್ಕೆ 6 ಲೀಟರ್ ಕಾಯಿಸುವ ಗೀಸರಿಗೆ ಸರಳಿನ ಭಯವಿಲ್ಲ. ಅದಕ್ಕೆ ಏನಾಗಿದೆ ಎಂದು ತಿಳಿಯಬೇಕಾದರೆ ಅದು ಕೆಲಸ ಮಾಡುವ ಸರದಿಯನ್ನು ತಿಳಿದಿರಬೇಕು.

ಅದಕ್ಕೂ ಮೊದಲು ಒಂದು ಮಾತು. ಗ್ಯಾಸಿನ ವಾಸನೆ ಮೂಗಿಗೆ ಬಡಿದರೆ ಸದ್ದು ಕೇಳುವ ಕೆಲಸ ಬೇಡ. ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆಯಿರಿ. ಯಾವ ಸ್ವಿಚ್ಚನ್ನೂ ಹಾಕಬೇಡಿ, ಹಾಕಿದ್ದನ್ನು ಆರಿಸಲೂ ಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರ. ಅದು ಮೇಲೇರಿ ಕಿಟಕಿಯಿಂದ ತಾನಾಗಿ ಹೋಗುವುದಿಲ್ಲ. ನೆಲದ ಮೇಲೆ ನೀರಿನಂತೆ ಹರಡಿ ಮೂಲೆಯಲ್ಲಿ, ಬಚ್ಚಲ ತೂಬಿನಲ್ಲಿ ಕುಳಿತುಕೊಳ್ಳುತ್ತದೆ. ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಅನಿಲ ಸೋರಿಕೆಗೆಂದೇ ಇರುವ ಸಹಾಯವಾಣಿ ಅದು.

ನೀರಿನ ಅಪ್ಪಣೆಯಿಲ್ಲದೆ ಬೆಂಕಿಯಿಲ್ಲ

ಗೀಸರ್ ಹತ್ತದಿದ್ದರೆ ನಾವೆಲ್ಲ ಮೊದಲು ನೋಡುವುದು ಸಿಲಿಂಡರನ್ನು. ಅಲ್ಲಿಯೇ ದಾರಿ ತಪ್ಪುತ್ತದೆ. ಈ ಯಂತ್ರದಲ್ಲಿ ಯಜಮಾನಿಕೆ ನೀರಿನದು.

ನಳ ತಿರುಗಿಸಿದಾಗ ತಣ್ಣೀರು ಮೊದಲು ಒಂದು ಸಣ್ಣ ಜಾಳಿಯನ್ನು ದಾಟಿ ಹಿತ್ತಾಳೆಯ ವಾಟರ್ ವಾಲ್ವಿಗೆ ಬರುತ್ತದೆ. ಅದರೊಳಗೆ ಹಪ್ಪಳದಷ್ಟು ತೆಳುವಾದ ರಬ್ಬರಿನ ಡಯಾಫ್ರಾಮ್ ಇರುತ್ತದೆ. ನೀರು ರಭಸವಾಗಿ ಹರಿದಾಗ ಡಯಾಫ್ರಾಮಿನ ಎರಡು ಬದಿಯ ಒತ್ತಡದಲ್ಲಿ ವ್ಯತ್ಯಾಸವಾಗಿ ಅದು ಒಂದು ಕಡೆಗೆ ಉಬ್ಬುತ್ತದೆ. ಉಬ್ಬಿದಾಗ ಒಂದು ಲೋಹದ ಕಡ್ಡಿ ಸರಿಯುತ್ತದೆ. ಆ ಕಡ್ಡಿ ಮೈಕ್ರೊಸ್ವಿಚ್ಚನ್ನು ತಟ್ಟುತ್ತದೆ. ಹಲವು ಮಾದರಿಗಳಲ್ಲಿ ಅದೇ ಕಡ್ಡಿ ಗ್ಯಾಸಿನ ದಾರಿಯನ್ನೂ ತೆರೆಯುತ್ತದೆ. ಮೈಕ್ರೊಸ್ವಿಚ್ಚಿನ ಸುದ್ದಿ ತಲುಪಿದ ಮೇಲೆಯೇ ಕಂಟ್ರೋಲ್ ಬಾಕ್ಸ್ ಎಚ್ಚರಗೊಳ್ಳುವುದು. ಅದು ಎರಡು ದೊಡ್ಡ ಸೆಲ್ಲುಗಳ 3 ವೋಲ್ಟಿನಿಂದ ಸಾವಿರಾರು ವೋಲ್ಟಿನ ಕಿಡಿ ಹಾರಿಸುತ್ತದೆ, ಜೊತೆಗೆ ಕರೆಂಟಿನಿಂದ ತೆರೆಯುವ ಗ್ಯಾಸಿನ ಬಾಗಿಲಾದ ಸೊಲೆನಾಯ್ಡ್ ವಾಲ್ವನ್ನು ‘ಟಕ್’ ಎಂದು ತೆರೆಯುತ್ತದೆ. ಗ್ಯಾಸ್ ಬಂತು, ಬೆಂಕಿ ಹತ್ತಿತು. ಬೆಂಕಿಯೊಳಗೆ ಚಾಚಿಕೊಂಡಿರುವ ಇನ್ನೊಂದು ಕಡ್ಡಿ ‘ಹೌದು, ಜ್ವಾಲೆ ಇದೆ’ ಎಂದು ಸಾಕ್ಷಿ ಹೇಳುತ್ತದೆ. ಕೆಲವು ಸೆಕೆಂಡಿನಲ್ಲಿ ಈ ಸಾಕ್ಷಿ ಸಿಗದಿದ್ದರೆ ಬಾಕ್ಸ್ ಗ್ಯಾಸನ್ನು ಮುಚ್ಚಿ ಕೈಕಟ್ಟಿ ಕೂರುತ್ತದೆ. ನಳವನ್ನು ಮುಚ್ಚಿ ಮತ್ತೆ ತೆರೆದರೆ ಮಾತ್ರ ಇನ್ನೊಂದು ಪ್ರಯತ್ನ.

ಈ ಸರದಿಯಲ್ಲಿ ಟಿಕ್ ಟಿಕ್ ಸದ್ದು ನಟ್ಟನಡುವೆ ಇದೆ. ಸದ್ದು ಬರದಿದ್ದರೆ ದೋಷ ಅದಕ್ಕಿಂತ ಮೊದಲಿನದು: ನೀರು, ಸೆಲ್, ಸ್ವಿಚ್. ಬಂದರೆ ದೋಷ ಅದರ ನಂತರದ್ದು: ಗ್ಯಾಸ್, ಕಿಡಿಯ ಜಾಗ, ಜ್ವಾಲೆಯ ಸಾಕ್ಷಿ. ಟಿಕ್ ಎನ್ನದ ಗೀಸರಿಗೆ ಹೊಸ ಸಿಲಿಂಡರ್ ತಂದು ಜೋಡಿಸುವುದು ಹಲ್ಲುನೋವಿಗೆ ಮೊಣಕಾಲು ತಿಕ್ಕಿದಂತೆ.

ಸದ್ದೇ ಇಲ್ಲ

ಮೊದಲು ಸೆಲ್. ಕಾರಣ ಇಷ್ಟೇ, ಅದು ಅಗ್ಗ ಮತ್ತು ಬದಲಿಸಲು ಪಾನಾ ಬೇಡ. ಎರಡನ್ನೂ ಒಟ್ಟಿಗೆ ಬದಲಿಸಿ. ಒಂದು ಹೊಸದು, ಒಂದು ಹಳೆಯದು ಹಾಕುವ ಉಳಿತಾಯ ಬೇಡ. ಟಾರ್ಚಿನಲ್ಲಿ ಮಂಕಾದ ಸೆಲ್ಲುಗಳನ್ನು ಗೀಸರಿಗೆ ಹಾಕುವವರನ್ನು ಕಂಡಿದ್ದೇನೆ. ಗೀಸರಿಗೆ ಒಂದೇ ಹೊಡೆತಕ್ಕೆ ಕಿಡಿಯನ್ನೂ ಎಬ್ಬಿಸಬೇಕು, ವಾಲ್ವನ್ನೂ ಎಳೆಯಬೇಕು. ಟಾರ್ಚಿಗೆ ಸಾಲದ್ದು ಇದಕ್ಕೆ ಹೇಗೆ ಸಾಕಾಗುತ್ತದೆ? ಸೆಲ್ ಇಡುವ ಡಬ್ಬಿಯ ತಗಡುಗಳನ್ನೂ ನೋಡಿ. ಬಚ್ಚಲಿನ ಹಬೆಗೆ ಅಲ್ಲಿ ಕಿಲುಬು ಹಿಡಿಯುತ್ತದೆ. ಒಣ ಮರಳುಕಾಗದದಿಂದ ಹೊಳೆಯುವವರೆಗೆ ತಿಕ್ಕಿ. ಹುಣಸೆಹಣ್ಣು ಹಚ್ಚಿ ತಿಕ್ಕುವ ಅಭ್ಯಾಸ ತಾಮ್ರದ ಕೊಡಕ್ಕೆ ಸರಿ, ಇಲ್ಲಿ ಬೇಡ.

ಸೆಲ್ ಹೊಸದಾಗಿಯೂ ಮೌನವೇ? ಹಾಗಾದರೆ ನೀರು. ಇಲ್ಲಿಯೇ ನನ್ನ 1,600 ರೂಪಾಯಿ ಹೋಯಿತು.

ಒಂದು ಡಿಸೆಂಬರಿನಲ್ಲಿ ನಮ್ಮ ಗೀಸರ್ ಬೆಳಿಗ್ಗೆ ಹತ್ತುವುದನ್ನು ನಿಲ್ಲಿಸಿತು. ಸಂಜೆ ಹತ್ತುತ್ತಿತ್ತು. ‘ಇದಕ್ಕೂ ಚಳಿಯಾಗುತ್ತದೆಯೇ ಹೇಗೆ?’ ಎಂದು ಹೆಂಡತಿ ನಕ್ಕಳು. ನಾನು ಸೆಲ್ ಬದಲಿಸಿದೆ. ಪ್ರಯೋಜನವಾಗಲಿಲ್ಲ. ಮೆಕ್ಯಾನಿಕ್ ಒಬ್ಬನನ್ನು ಕರೆದೆ. ಅವನು ಬರುವ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ. ಮುಚ್ಚಳ ಬಿಚ್ಚಿ ಒಳಗೆ ಒಂದು ನೋಟ ಹಾಯಿಸಿ, ‘ಸರ್, ಕಂಟ್ರೋಲ್ ಬಾಕ್ಸ್ ಹೋಗಿದೆ’ ಎಂದ. ಬದಲಿಸಿದ, ನಳ ತಿರುಗಿಸಿದ, ಭಗ್ಗನೆ ಹತ್ತಿತು. ನಾನು ಹಣ ಕೊಟ್ಟೆ. ಮರುದಿನ ಬೆಳಿಗ್ಗೆಯೂ ಹತ್ತಿತು. ಅದರ ಮರುದಿನ ಮತ್ತೆ ಮೌನ.

ಕಾಯಿಲೆಯನ್ನು ಕಂಡುಹಿಡಿದವಳು ಅವ್ವ. ನಳ ಬರುವ ದಿನಗಳ ಲೆಕ್ಕ ಮನೆಯಲ್ಲಿ ಅವಳ ತಲೆಯಲ್ಲಿ ಮಾತ್ರ ಇರುತ್ತದೆ. ಅಡುಗೆಮನೆಯಿಂದಲೇ ಹೇಳಿದಳು: ‘ನೀರು ಬಿಟ್ಟ ದಿನ ಹತ್ತುತ್ತದೆ, ಬಿಡದ ದಿನ ಹತ್ತುವುದಿಲ್ಲ. ಮೇಲೆ ಹೋಗಿ ಟ್ಯಾಂಕು ನೋಡಿ ಬಾ ಅಪ್ಪಾ.’ ಹೋಗಿ ನೋಡಿದೆ. ತಳದಲ್ಲಿ ಗೇಣುದ್ದದ ನೀರು. ಸಂಜೆ ಮೋಟಾರು ಹಾಕಿ ಟ್ಯಾಂಕು ತುಂಬಿಸುತ್ತಿದ್ದೆವು, ರಾತ್ರಿ ಪಾತ್ರೆ ಬಟ್ಟೆ ಮುಗಿಯುವ ಹೊತ್ತಿಗೆ ಅದು ಅರ್ಧವಾಗುತ್ತಿತ್ತು, ಬೆಳಗಿನ ಮೊದಲ ಎರಡು ಸ್ನಾನಕ್ಕೆ ತಳ ಕಾಣುತ್ತಿತ್ತು. ಮೆಕ್ಯಾನಿಕ್ ಬಂದದ್ದು ನೀರು ಬಿಟ್ಟ ದಿನ, ಟ್ಯಾಂಕು ತುಂಬಿ ತುಳುಕುತ್ತಿದ್ದಾಗ. ಅವನು ಆ ದಿನ ಗೀಸರಿಗೆ ಹಾರ ಹಾಕಿ ಹೋಗಿದ್ದರೂ ಅದು ಹತ್ತುತ್ತಿತ್ತು.

ಲೆಕ್ಕ ಹೀಗಿದೆ. ಹತ್ತು ಮೀಟರ್ ಎತ್ತರದ ನೀರಿನ ಕಂಬ ಹೆಚ್ಚುಕಡಿಮೆ 1 ಬಾರ್ ಒತ್ತಡ ಕೊಡುತ್ತದೆ. ಇಂಥ ಗೀಸರುಗಳಿಗೆ ಕನಿಷ್ಠ 0.2ರಿಂದ 0.25 ಬಾರ್ ಬೇಕು, ಅಂದರೆ ಎರಡು-ಎರಡೂವರೆ ಮೀಟರ್. ನಮ್ಮ ಮಾಳಿಗೆ ನೆಲದಿಂದ 3 ಮೀಟರ್, ಅದರ ಮೇಲೆ ಎರಡಡಿಯ ಕಟ್ಟೆ, ಅದರ ಮೇಲೆ ಟ್ಯಾಂಕು. ಟ್ಯಾಂಕಿನ ತಳ ಸುಮಾರು 3.6 ಮೀಟರಿನಲ್ಲಿದೆ. ಶವರ್ ಇರುವುದು 2.1 ಮೀಟರಿನಲ್ಲಿ. ಟ್ಯಾಂಕು ಬರಿದಾಗುತ್ತ ಬಂದರೆ ಶವರಿಗೆ ಸಿಗುವುದು ಒಂದೂವರೆ ಮೀಟರ್, 0.15 ಬಾರ್. ಅದಕ್ಕೆ ಡಯಾಫ್ರಾಮ್ ಅಲುಗಾಡುವುದಿಲ್ಲ. ತುಂಬಿದ ಟ್ಯಾಂಕಿನಲ್ಲಿ ಇನ್ನೊಂದು ಮೀಟರ್ ನೀರು ಸೇರಿದರೆ 0.25, ಆಗ ಹತ್ತುತ್ತದೆ. ಬಕೆಟ್ಟಿನ ನಳ ಮುಕ್ಕಾಲು ಮೀಟರ್ ಎತ್ತರದಲ್ಲಿ ಇರುವುದರಿಂದ ಅದಕ್ಕೆ ಬರಿದಾದ ಟ್ಯಾಂಕಿನಿಂದಲೂ ಸುಮಾರು 0.28 ಬಾರ್ ಸಿಗಬೇಕು. ‘ನಳಕ್ಕೆ ಬಿಸಿನೀರು ಬರುತ್ತದೆ, ಶವರಿಗೆ ಬರುವುದಿಲ್ಲ’ ಎಂಬ ದೂರು ಒಂದಂತಸ್ತಿನ ಮನೆಗಳಲ್ಲಿ ಹೆಚ್ಚು ಕೇಳಿಬರುವುದಕ್ಕೆ ಇದೇ ಕಾರಣ. ಗೀಸರಿನ ತಪ್ಪು ಅದರಲ್ಲಿ ಇಲ್ಲ.

ಆದರೆ ನಮ್ಮಲ್ಲಿ ನಳಕ್ಕೂ ಬರುತ್ತಿರಲಿಲ್ಲವಲ್ಲ? ಹಾಗಾಗಿ ಜಾಳಿ ಬಿಚ್ಚಿದೆ. ತಣ್ಣೀರಿನ ಪೈಪು ಗೀಸರಿಗೆ ಸೇರುವ ಕಡೆಯ ನಟ್ಟನ್ನು ಬಿಚ್ಚಿದರೆ ಒಳಗೆ ಬೆರಳ ತುದಿಯಷ್ಟಿರುವ ಜಾಳಿ ಸಿಗುತ್ತದೆ. ಮೊದಲು ಗೇಟ್ ವಾಲ್ವ್ ಮುಚ್ಚಿರಬೇಕು. ಮಳೆಗಾಲದಲ್ಲಿ ಟ್ಯಾಂಕಿಗೆ ಇಳಿದ ಕೆಂಪು ಮಣ್ಣು, ಪೈಪಿನ ತುಕ್ಕು, ಟೆಫ್ಲಾನ್ ಟೇಪಿನ ಒಂದು ಚೂರು, ಎಲ್ಲ ಸೇರಿ ಅರ್ಧಕ್ಕಿಂತ ಹೆಚ್ಚು ಮುಚ್ಚಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದೆ. ಅಂದಿನಿಂದ ನಳಕ್ಕೆ ಯಾವ ಹೊತ್ತಿನಲ್ಲಿಯೂ ಬಿಸಿನೀರು ಬರುತ್ತಿದೆ. ಶವರಿಗೆ ಟ್ಯಾಂಕು ತುಂಬಿದಾಗ ಮಾತ್ರ. ಮೆಕ್ಯಾನಿಕ್ ಬಿಚ್ಚಿಕೊಟ್ಟ ಹಳೆಯ ಬಾಕ್ಸನ್ನು ಆಮೇಲೆ ಜೋಡಿಸಿ ನೋಡಿದೆ. ಚೆನ್ನಾಗಿಯೇ ಕಿಡಿ ಹಾರಿಸುತ್ತದೆ.

ಒತ್ತಡ ಅಳೆಯಲು ಮೀಟರು ಬೇಡ, ಬಕೆಟ್ಟು ಮತ್ತು ಗಡಿಯಾರ ಸಾಕು. ಬಿಸಿನೀರಿನ ನಳದಲ್ಲಿ, ಗೀಸರಿನ ಮೂಲಕ ಬರುವ ನೀರನ್ನು 10 ಲೀಟರಿನ ಗುರುತಿನವರೆಗೆ ತುಂಬಿಸಿ. ನಿಮಿಷಕ್ಕೆ 6 ಲೀಟರಾದರೆ 100 ಸೆಕೆಂಡು ಹಿಡಿಯುತ್ತದೆ. ನಿಮಿಷಕ್ಕೆ ಸುಮಾರು 2.5 ಲೀಟರಿಗಿಂತ ಕಡಿಮೆಯಾದರೆ ಬಹಳಷ್ಟು ಗೀಸರುಗಳು ಹತ್ತುವುದಿಲ್ಲ. ಅಂದರೆ 10 ಲೀಟರಿಗೆ ನಾಲ್ಕು ನಿಮಿಷಕ್ಕಿಂತ ಹೆಚ್ಚಾದರೆ ನೀರಿನದೇ ದೋಷ. ಗೀಸರಿನ ನೀರಿನ ನಾಬನ್ನು ‘ಹೆಚ್ಚು ಬಿಸಿ’ ಕಡೆಗೆ ತಿರುಗಿಸಿದಷ್ಟೂ ನೀರು ಸಣ್ಣದಾಗುತ್ತದೆ ಎಂಬುದನ್ನೂ ಮರೆಯಬೇಡಿ. ಚಳಿ ಜಾಸ್ತಿಯೆಂದು ಅದನ್ನು ಪೂರ್ತಿ ತಿರುಗಿಸಿಟ್ಟು, ಹತ್ತುತ್ತಿಲ್ಲ ಎಂದು ಗೋಳಾಡುವ ಮನೆಗಳಿವೆ.

ಟ್ಯಾಂಕು ಪೂರ್ತಿ ಬರಿದಾಗಿ ಮತ್ತೆ ತುಂಬಿದ ಮೇಲೆ ಬಿಸಿನೀರಿನ ನಳ ಮಾತ್ರ ಉಸ್ಸೆಂದು ಉಗುಳುತ್ತಿದ್ದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ. ಮನೆಯ ಎಲ್ಲ ನಳಗಳನ್ನು ಐದು ನಿಮಿಷ ಬಿಡಿ, ಹೊರಟುಹೋಗುತ್ತದೆ.

ಇನ್ನೊಂದು ಕಳ್ಳದಾರಿ ಮಿಕ್ಸರ್ ನಳ. ಅದರೊಳಗಿನ ಕಾರ್ಟ್ರಿಜ್ ಸವೆದಿದ್ದರೆ ತಣ್ಣೀರು ನೇರವಾಗಿ ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ನಳದಲ್ಲಿ ನೀರು ಧಾರಾಳವಾಗಿ ಬರುತ್ತಿರುತ್ತದೆ, ಆದರೆ ಅದು ಗೀಸರಿನ ಮೂಲಕ ಬಂದದ್ದಲ್ಲ. ಗೀಸರಿಗೆ ಹೋಗುವ ವಾಲ್ವನ್ನು ಪೂರ್ತಿ ಮುಚ್ಚಿ ಬಿಸಿನೀರಿನ ನಳ ತೆರೆಯಿರಿ. ಆಗಲೂ ನೀರು ಹರಿಯುತ್ತಿದ್ದರೆ ಪ್ಲಂಬರನ್ನು ಕರೆಯಿರಿ, ಗೀಸರಿನವನನ್ನಲ್ಲ.

ನೀರು ಧಾರಾಳವಾಗಿದೆ, ಸೆಲ್ ಹೊಸದು, ಆದರೂ ಸದ್ದಿಲ್ಲ ಎಂದಾದರೆ ನಿರ್ಣಾಯಕ ಪರೀಕ್ಷೆ ಒಂದಿದೆ. ಸಿಲಿಂಡರ್ ಮುಚ್ಚಿ. ಗೀಸರಿನ ಮುಂದಿನ ಮುಚ್ಚಳ ಬಿಚ್ಚಿ. ವಾಟರ್ ವಾಲ್ವಿನ ಪಕ್ಕದ ಮೈಕ್ರೊಸ್ವಿಚ್ಚಿಗೆ ಸಣ್ಣ ತಗಡಿನ ನಾಲಿಗೆ ಇರುತ್ತದೆ. ಅದನ್ನು ಬೆರಳಿನಿಂದ ಒತ್ತಿ. ಕೆಲವು ಮಾದರಿಗಳಲ್ಲಿ ಅದು ಮೊದಲೇ ಒತ್ತಿಕೊಂಡಿರುತ್ತದೆ, ಅವುಗಳಲ್ಲಿ ಬಿಡಿಸಬೇಕು. ಟಿಕ್ ಟಿಕ್ ಬಂದರೆ ಕಂಟ್ರೋಲ್ ಬಾಕ್ಸ್ ಸರಿಯಿದೆ. ಡಯಾಫ್ರಾಮ್ ಹರಿದಿದೆ ಅಥವಾ ಕಡ್ಡಿ ಬಿಗಿದುಕೊಂಡಿದೆ. ಬರದಿದ್ದರೆ ಸ್ವಿಚ್, ತಂತಿ ಅಥವಾ ಬಾಕ್ಸ್. ಕಿಡಿ ಹಾರುವ ಕಡ್ಡಿಯಿಂದ ಕೈ ದೂರವಿರಲಿ. ನನ್ನ ಮೆಕ್ಯಾನಿಕ್ ಈ ಪರೀಕ್ಷೆಯನ್ನು ಮಾಡಿದ್ದರೆ ಅವನಿಗೆ ಅರ್ಧ ನಿಮಿಷ ಹಿಡಿಯುತ್ತಿತ್ತು.

ಸದ್ದಿದೆ, ಬೆಂಕಿಯಿಲ್ಲ

ಈಗ ಸಿಲಿಂಡರಿನ ಸರದಿ. ರೆಗ್ಯುಲೇಟರ್ ತೆರೆದಿದೆಯೇ, ಗೀಸರಿನ ಗ್ಯಾಸ್ ನಾಬ್ ತೆರೆದಿದೆಯೇ, ಪೈಪು ಎಲ್ಲಿಯಾದರೂ ಮಡಚಿಕೊಂಡಿದೆಯೇ, ಇಷ್ಟು ನೋಡಿದರೆ ಹೆಚ್ಚಿನ ಪ್ರಕರಣಗಳು ಮುಗಿಯುತ್ತವೆ. ಹೊಸ ಸಿಲಿಂಡರ್ ಹಾಕಿದ ಮೇಲೆ ಪೈಪಿನಲ್ಲಿರುವ ಗಾಳಿ ಹೊರಹೋಗಲು ಮೂರು ನಾಲ್ಕು ಸಲ ನಳ ತೆರೆದು ಮುಚ್ಚಬೇಕಾಗುತ್ತದೆ. ಪ್ರತಿ ಸಲದ ನಡುವೆ ಒಂದು ನಿಮಿಷ ಬಿಡಿ.

‘ಒಲೆ ಉರಿಯುತ್ತಿದೆ, ಹಾಗಾಗಿ ಗ್ಯಾಸ್ ಇದೆ’ ಎನ್ನುವ ವಾದವನ್ನು ನಂಬಬೇಡಿ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿಯಷ್ಟು ಏರಿಸಲು ಹತ್ತೂವರೆ ಕಿಲೋವ್ಯಾಟ್ ಶಾಖ ಬೇಕು. ಮನೆಯ ಒಲೆಯ ಒಂದು ಬರ್ನರ್ ಕೊಡುವುದು ಎರಡು ಕಿಲೋವ್ಯಾಟಿನ ಆಸುಪಾಸು. ಅಂದರೆ ಗೀಸರ್ ಒಂದೇ ಉಸಿರಿಗೆ ಐದು ಒಲೆಗಳಷ್ಟು ಗ್ಯಾಸ್ ಎಳೆಯುತ್ತದೆ. ಸಿಲಿಂಡರಿನಲ್ಲಿ ದ್ರವವಾಗಿರುವ ಅನಿಲ ಆವಿಯಾಗಿ ಬರಬೇಕು, ಆವಿಯಾಗಲು ಸುತ್ತಲಿನ ಶಾಖವನ್ನೇ ಹೀರಬೇಕು. 14.2 ಕಿಲೋದ ಸಿಲಿಂಡರಿನಲ್ಲಿ ತಳದಷ್ಟೇ ಉಳಿದಿದ್ದು, ಬೆಳಗಿನ ಚಳಿಯೂ ಇದ್ದರೆ ಈ ವೇಗಕ್ಕೆ ಅದು ಸಾಲುವುದಿಲ್ಲ. ಸಿಲಿಂಡರಿನ ಕೆಳಭಾಗ ಮುಟ್ಟಿದರೆ ಹಿಮದಂತೆ ತಣ್ಣಗಿರುತ್ತದೆ, ಹೊರಗೆ ಬೆವರು ಮೂಡಿರುತ್ತದೆ. ಆಗ ಚಹಾಕ್ಕೆ ಒಲೆ ನೀಲಿಯಾಗಿ ಉರಿಯುತ್ತದೆ, ಗೀಸರ್ ಮಾತ್ರ ಮುಷ್ಕರ ಹೂಡುತ್ತದೆ. ಸಿಲಿಂಡರ್ ಬದಲಿಸಿ, ಉಳಿದ ಗ್ಯಾಸ್ ಒಲೆಗೆ ಬಳಸಿ. ಅದನ್ನು ಮಲಗಿಸುವುದು, ಅಲುಗಾಡಿಸುವುದು, ಬಿಸಿನೀರಿನ ಟಬ್ಬಿನಲ್ಲಿ ಕೂರಿಸುವುದು ಯಾವುದೂ ಬೇಡ. ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ.

ಬೆಳಗಾವಿಯ ಕೆಲವು ಬಡಾವಣೆಗಳಿಗೆ ಈಗ ಕೊಳವೆಯಲ್ಲಿ ಅನಿಲ ಬರುತ್ತಿದೆ. ಅದು ಸಿಲಿಂಡರಿನ ಅನಿಲವಲ್ಲ, ನೈಸರ್ಗಿಕ ಅನಿಲ. ಅದೇ ಗಾತ್ರಕ್ಕೆ ಶಾಖ ಅರ್ಧಕ್ಕಿಂತ ಕಡಿಮೆ. ಹಳೆಯ ಗೀಸರನ್ನು ಹಾಗೆಯೇ ಅದಕ್ಕೆ ಜೋಡಿಸಿದರೆ ಸಣ್ಣ ಜೆಟ್ಟುಗಳಿಂದ, ಅಂದರೆ ಬರ್ನರಿಗೆ ಗ್ಯಾಸ್ ಚಿಮ್ಮುವ ರಂಧ್ರಗಳಿಂದ, ಬರುವ ಬಡ ಜ್ವಾಲೆ ನಿಲ್ಲುವುದಿಲ್ಲ. ಆ ಅನಿಲಕ್ಕೆಂದೇ ಮಾಡಿದ ಗೀಸರ್ ಬೇಕು, ಇಲ್ಲವೇ ತಯಾರಕರ ಕಡೆಯವರಿಂದ ಜೆಟ್ಟುಗಳ ಬದಲಾವಣೆಯಾಗಬೇಕು.

ಗ್ಯಾಸ್ ಸರಿಯಿದ್ದರೆ ನೋಡುವ ಕಿಂಡಿಯಿಂದ ಕಿಡಿ ನೋಡಿ. ಕಡ್ಡಿಯ ತುದಿಯಿಂದ ಬರ್ನರಿಗೆ ನೀಲಿ ಕಿಡಿ ಹಾರಬೇಕು. ಸದ್ದು ಮಾತ್ರ ಬಂದು ಕಿಡಿ ಕಾಣದಿದ್ದರೆ ಕಡ್ಡಿಯ ಪಿಂಗಾಣಿ ಬಿರುಕು ಬಿಟ್ಟು ಬೇರೆಲ್ಲೋ ಹಾರುತ್ತಿರಬೇಕು, ಅಥವಾ ತೇವ ಸೇರಿರಬೇಕು. ಇನ್ನು ‘ಟಕ್’ ಎಂಬ ಸೊಲೆನಾಯ್ಡಿನ ಸದ್ದು ಕೇಳಿಸದೆ ಬರೀ ಟಿಕ್ ಟಿಕ್ ಎಂದರೆ ಮತ್ತೆ ಸೆಲ್ಲಿನ ಕಡೆಗೆ ತಿರುಗಿ. ಕಿಡಿಗೆ ಸಾಕಾಗುವ ಸೆಲ್ ವಾಲ್ವನ್ನು ಎಳೆಯಲು ಸಾಲದೆ ಹೋಗುವುದುಂಟು.

ಬೇಸಿಗೆಯಿಡೀ ಬಳಸದೆ ಬಿಟ್ಟ ಗೀಸರಿನ ಬರ್ನರ್ ಕೊಳವೆಗಳಲ್ಲಿ ಜೇಡ ಬಲೆ ನೇಯ್ದಿರುತ್ತದೆ, ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿರುತ್ತದೆ. ಇಂಥ ಗೀಸರ್ ಹತ್ತುವಾಗ ತಡವಾಗಿ ‘ಧಡ್’ ಎನ್ನುತ್ತದೆ. ಹತ್ತುವ ಮೊದಲು ಗ್ಯಾಸ್ ಒಳಗೆ ತುಂಬಿಕೊಂಡಿತ್ತು ಎಂದು ಅದರ ಅರ್ಥ. ಒಮ್ಮೆ ಧಡ್ ಎಂದರೆ ಸಾಕು, ಎರಡನೆಯ ಸಲ ಪರೀಕ್ಷೆ ಮಾಡಬೇಡಿ. ಸಿಲಿಂಡರ್ ಮುಚ್ಚಿ ಬರ್ನರ್ ಸ್ವಚ್ಛ ಮಾಡಿಸಿ.

ಹತ್ತಿ ಆರುವ ಬೆಂಕಿ

ಎಷ್ಟು ಹೊತ್ತಿಗೆ ಆರುತ್ತದೆ ಎಂಬುದೇ ಇಲ್ಲಿ ಮುಖ್ಯ.

ಎರಡು ಮೂರು ಸೆಕೆಂಡಿಗೆ ಆರಿದರೆ ಸಾಕ್ಷಿಯ ಕಡ್ಡಿಗೆ ಮಸಿ ಹಿಡಿದಿದೆ ಅಥವಾ ಅದರ ತಂತಿ ಸಡಿಲವಾಗಿದೆ. ಗ್ಯಾಸ್ ಮುಚ್ಚಿ, ತಣ್ಣಗಾದ ಮೇಲೆ ಮರಳುಕಾಗದದಿಂದ ಮೆಲ್ಲಗೆ ಒರೆಸಿ, ತಂತಿ ಒತ್ತಿ ಕೂರಿಸಿ. ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಆರಿದರೆ ದೋಷವೇ ಅಲ್ಲ. ಬಹಳಷ್ಟು ಮಾದರಿಗಳಲ್ಲಿ ಅಷ್ಟಕ್ಕೆ ತಾನಾಗಿ ನಿಲ್ಲುವ ಏರ್ಪಾಡಿದೆ.

ಐದಾರು ನಿಮಿಷಕ್ಕೆ ಆರುವುದು ಯೋಚಿಸಬೇಕಾದ ವಿಷಯ. ನೀರು ಅತಿಯಾಗಿ ಕಾದು ಉಷ್ಣದ ಸ್ವಿಚ್ ಕೆಲಸ ಮಾಡಿರಬಹುದು, ಅಥವಾ ಕೋಣೆಯ ಆಮ್ಲಜನಕ ಇಳಿದು ಅದನ್ನು ಗುರುತಿಸುವ ಸಾಧನ ಗ್ಯಾಸನ್ನು ನಿಲ್ಲಿಸಿರಬಹುದು. ಎರಡನೆಯದಾದರೆ ಗೀಸರ್ ಕೆಟ್ಟಿಲ್ಲ, ನಿಮ್ಮ ಪ್ರಾಣ ಉಳಿಸಿದೆ. ಆ ಸಾಧನ ಎಲ್ಲ ಗೀಸರುಗಳಲ್ಲಿ ಇರುವುದಿಲ್ಲ. ಮುಚ್ಚಿದ ಬಚ್ಚಲಿನಲ್ಲಿ ಗೀಸರ್ ಉರಿದಾಗ ಆಮ್ಲಜನಕ ಸಾಲದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಭಾರ, ಕಣ್ಣು ಕತ್ತಲೆ, ಕಾಲಲ್ಲಿ ಶಕ್ತಿಯಿಲ್ಲ; ಬಾಗಿಲ ಚಿಲಕ ತೆಗೆಯಬೇಕು ಎಂದುಕೊಳ್ಳುವಷ್ಟರಲ್ಲಿ ಕುಸಿದಿರುತ್ತಾರೆ. ನಮ್ಮ ದೇಶದ ವೈದ್ಯರು ಇದಕ್ಕೆ ‘ಗ್ಯಾಸ್ ಗೀಸರ್ ಸಿಂಡ್ರೋಮ್’ ಎಂದೇ ಹೆಸರಿಟ್ಟು ಬರೆಯುವಷ್ಟು ಇದು ಸಾಮಾನ್ಯವಾಗಿದೆ. ಚಳಿಯೆಂದು ಕಿಟಕಿಗೆ ಗೋಣಿಚೀಲ ತುರುಕುವ ನಮ್ಮ ಕಡೆಯ ಅಭ್ಯಾಸ ಇಲ್ಲಿ ಕೊಲ್ಲುತ್ತದೆ. ಗೀಸರ್ ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಇರಲಿ. ಒಳಗೇ ಇದ್ದರೆ ರಿಪೇರಿಗೆ ಮೊದಲು ಅದನ್ನು ಹೊರಗೆ ಸ್ಥಳಾಂತರಿಸಿ. ಈ ಒಂದು ವಿಷಯದಲ್ಲಿ ನಾನು ಯಾರ ಜೊತೆಗೂ ಚೌಕಾಸಿ ಮಾಡುವುದಿಲ್ಲ. ಜ್ವಾಲೆ ಹಳದಿಯಾಗಿದ್ದರೆ, ಗೀಸರಿನ ಮೇಲೆ ಮಸಿ ಕಂಡರೆ, ಅವತ್ತು ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ.

ಆಮ್ಲಜನಕದ ಸೆನ್ಸರ್ ಮತ್ತೆ ಮತ್ತೆ ನಿಲ್ಲಿಸುತ್ತಿದೆ ಎಂದಾಗ ‘ಎರಡು ವೈರ್ ನೇರ ಜೋಡಿಸಿಬಿಡೋಣ, ಸರ್’ ಎನ್ನುವ ಮೆಕ್ಯಾನಿಕ್‌ಗೆ ಚಹಾ ಕೊಟ್ಟು ಕಳುಹಿಸಿ. ನಳ ಮುಚ್ಚಿದ ಮೇಲೂ ಬೆಂಕಿ ಉರಿಯುತ್ತಿದ್ದರೆ ತಕ್ಷಣ ಸಿಲಿಂಡರ್ ಮುಚ್ಚಿ. ವಾಟರ್ ವಾಲ್ವಿನ ಕಡ್ಡಿ ಸಿಕ್ಕಿಕೊಂಡಿದೆ, ಸರಿಯಾಗುವವರೆಗೆ ಮುಟ್ಟಬೇಡಿ.

ವಿಜಯಪುರದ ನೀರು

ನನ್ನ ಅಕ್ಕನ ಮನೆ ವಿಜಯಪುರದಲ್ಲಿ. ಅವಳ ಗೀಸರಿಗೆ ಬೇರೆಯದೇ ರೋಗ. ಬೋರ್‌ವೆಲ್ ನೀರು, ಬೇಳೆ ಬೇಗ ಬೇಯುವುದಿಲ್ಲ, ಸಾಬೂನು ನೊರೆಯಾಗುವುದಿಲ್ಲ, ಬಕೆಟ್ಟಿನ ಒಳಗೆ ಸುಣ್ಣ ಬಳಿದಂತೆ ಬಿಳಿ ಪದರ. ಗಡಸು ನೀರು ಕಾದಾಗ ಅದರಲ್ಲಿ ಕರಗಿರುವ ಸುಣ್ಣದ ಅಂಶ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಹೊರಬಂದು ತಾಮ್ರದ ಸುರುಳಿಯ ಒಳಗೋಡೆಗೆ ಅಂಟುತ್ತದೆ. ನೀರು ಹೆಚ್ಚು ಕಾದಷ್ಟೂ ಹೆಚ್ಚು ಅಂಟುತ್ತದೆ. ಕೊಳವೆ ಸಣ್ಣದಾಗುತ್ತದೆ, ನೀರು ಕಡಿಮೆಯಾಗುತ್ತದೆ, ಕಡಿಮೆ ನೀರು ಇನ್ನೂ ಹೆಚ್ಚು ಕಾಯುತ್ತದೆ, ಉಷ್ಣದ ಸ್ವಿಚ್ ಆರಿಸುತ್ತದೆ. ಮುಂದೊಂದು ದಿನ ಡಯಾಫ್ರಾಮ್ ಅಲುಗುವಷ್ಟು ಹರಿವೂ ಉಳಿಯದೆ ಟಿಕ್ ಟಿಕ್ ಸದ್ದೂ ನಿಲ್ಲುತ್ತದೆ. ಅಷ್ಟರೊಳಗೆ ಗೀಸರಿನಿಂದ ಕುದಿಯುವ ಪಾತ್ರೆಯ ಗುಳುಗುಳು ಸದ್ದು ಬಂದಿರುತ್ತದೆ. ಕಿವಿಗೊಟ್ಟವರಿಗೆ ಅದು ಮುನ್ಸೂಚನೆ.

ಪರೀಕ್ಷೆ ಸುಲಭ. ಗೀಸರಿಗೆ ಬರುವ ತಣ್ಣೀರಿನ ಪೈಪನ್ನು ಬಿಚ್ಚಿ ಬಕೆಟ್ಟಿಗೆ ಬಿಡಿ, ಆಮೇಲೆ ಮತ್ತೆ ಜೋಡಿಸಿ ಹೊರಬರುವ ಕಡೆ ಅಳೆಯಿರಿ. ಒಳಗೆ ಹೋಗುವುದು ಧಾರಾಳ, ಹೊರಗೆ ಬರುವುದು ನೂಲಿನಂತೆ ಎಂದಾದರೆ, ಜಾಳಿಯೂ ಸ್ವಚ್ಛವಿದ್ದರೆ, ಸುಣ್ಣವೇ. ಅಕ್ಕನ ಮನೆಯಲ್ಲಿ ಭಾವನವರೂ ನಾನೂ ಗೀಸರನ್ನು ಗೋಡೆಯಿಂದ ಇಳಿಸಿ, ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು (ಸಿಟ್ರಿಕ್ ಆಮ್ಲ) ಲೀಟರ್ ಬಿಸಿನೀರಿಗೆ 50 ಗ್ರಾಂನಂತೆ ಕರಗಿಸಿ, ತಾಮ್ರದ ಸುರುಳಿಗೆ ಮಾತ್ರ ತುಂಬಿ ಒಂದು ಗಂಟೆ ಬಿಟ್ಟೆವು. ಸೋಡಾದಂತೆ ನೊರೆ ಬಂತು. ಚೆಲ್ಲಿ ಮತ್ತೊಮ್ಮೆ ತುಂಬಿದೆವು. ನೊರೆ ನಿಂತ ಮೇಲೆ ಐದಾರು ಸಲ ಶುದ್ಧ ನೀರಿನಿಂದ ತೊಳೆದೆವು. ಬಚ್ಚಲು ತೊಳೆಯುವ ಆ್ಯಸಿಡ್ ಬೇಗ ಕೆಲಸ ಮಾಡುತ್ತದೆ ಎಂದು ಭಾವನವರು ಬಾಟಲಿ ತಂದಿದ್ದರು. ಹೌದು, ಬೇಗ ಮಾಡುತ್ತದೆ. ಸುಣ್ಣದ ಜೊತೆ ಹಿತ್ತಾಳೆಯನ್ನೂ ಬೆಸುಗೆಯನ್ನೂ ತಿನ್ನುತ್ತದೆ. ಅದನ್ನು ಬಚ್ಚಲಿಗೇ ಬಿಟ್ಟೆವು. ಅಕ್ಕ ಈಗ ಗೀಸರನ್ನು ಮಧ್ಯಮ ಬಿಸಿಗೇ ಇಡುತ್ತಾಳೆ, ಸ್ನಾನಕ್ಕೆ ಸಾಕಾಗುವಷ್ಟು. ಕುದಿಸಿ ಆಮೇಲೆ ತಣ್ಣೀರು ಬೆರೆಸುವುದು ಸುಣ್ಣಕ್ಕೆ ಮಾಡುವ ಉಪಕಾರ.

ಕರೆಂಟಿನ ಗೀಸರ್ ಇದ್ದವರಿಗೆ ಎರಡು ಮಾತು. ದೀಪ ಉರಿದೂ ನೀರು ಕಾಯದಿದ್ದರೆ ಎಲಿಮೆಂಟ್ ಅಥವಾ ಥರ್ಮೋಸ್ಟಾಟ್ ಹೋಗಿದೆ. ಹಾಕಿದ ಕೂಡಲೇ ಮನೆಯ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿದುಹಾಕುವ ಸ್ವಿಚ್) ಬಿದ್ದರೆ ಎಲಿಮೆಂಟ್ ಒಡೆದು ನೀರಿಗೆ ಕರೆಂಟ್ ಸೋರುತ್ತಿದೆ, ಮುಟ್ಟದೆ ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ. ನಿಧಾನವಾಗಿ ಕಾಯುತ್ತಿದ್ದರೆ ವೋಲ್ಟೇಜ್ ನೋಡಿ. 230ರ ಬದಲು 180 ವೋಲ್ಟ್ ಬಂದರೆ 2 ಕಿಲೋವ್ಯಾಟಿನ ಗೀಸರ್ ಕೊಡುವುದು ಸುಮಾರು 1.2 ಕಿಲೋವ್ಯಾಟ್ ಮಾತ್ರ.

ಮೆಕ್ಯಾನಿಕ್‌ನನ್ನು ಕರೆಯುವಾಗ

ಡಯಾಫ್ರಾಮ್, ಸೊಲೆನಾಯ್ಡ್, ಗ್ಯಾಸ್ ವಾಲ್ವ್, ಜೆಟ್ ಇವು ಮನೆಯವರ ಕೆಲಸವಲ್ಲ. ಫೋನಿನಲ್ಲಿ ‘ಗೀಸರ್ ಹತ್ತುತ್ತಿಲ್ಲ’ ಎಂದಷ್ಟೇ ಹೇಳಬೇಡಿ. ‘ಸೆಲ್ ಹೊಸದು ಹಾಕಿದ್ದೇನೆ, 10 ಲೀಟರ್ ತುಂಬಲು ಎರಡು ನಿಮಿಷ ಬೇಕು, ಟಿಕ್ ಟಿಕ್ ಇಲ್ಲ, ಸ್ವಿಚ್ಚಿನ ನಾಲಿಗೆ ಒತ್ತಿದರೆ ಬರುತ್ತದೆ’ ಎಂದು ಹೇಳಿ. ಅವನು ಡಯಾಫ್ರಾಮ್ ಕಿಟ್ ಜೇಬಿನಲ್ಲಿಟ್ಟುಕೊಂಡೇ ಬರುತ್ತಾನೆ, ಕಂಟ್ರೋಲ್ ಬಾಕ್ಸಿನ ಮಾತೆತ್ತುವುದಿಲ್ಲ. ಟ್ಯಾಂಕು ತುಂಬಿದ ಹೊತ್ತಿನಲ್ಲಿ ಮಾತ್ರ ಕರೆಯಬೇಡಿ. ದೋಷ ಕಾಣುವ ಹೊತ್ತಿಗೇ ಬರಲು ಹೇಳಿ.

ಅವನು ಕೆಲಸ ಮುಗಿಸಿದ ಮೇಲೆ ಸಿಲಿಂಡರ್ ತೆರೆಸಿ, ಬಿಚ್ಚಿ ಜೋಡಿಸಿದ ಪ್ರತಿ ಗ್ಯಾಸ್ ಜೋಡಣೆಗೂ ಅವನ ಎದುರಿಗೇ ಸಾಬೂನಿನ ನೊರೆ ಹಚ್ಚಿ ನೋಡಿ. ಗುಳ್ಳೆ ಏಳಬಾರದು. ರಬ್ಬರ್ ಪೈಪಿನ ಮೇಲಿರುವ ತಾರೀಕು ಐದು ವರ್ಷ ದಾಟಿದ್ದರೆ ಅದನ್ನೂ ಅವತ್ತೇ ಬದಲಿಸಿ. ಆಮೇಲೆ ನಳ ತಿರುಗಿಸಿ, ಕಿಂಡಿಯಲ್ಲಿ ಜ್ವಾಲೆ ಉದ್ದಕ್ಕೂ ನೀಲಿಯಾಗಿದೆಯೇ ನೋಡಿ. ನಳ ಮುಚ್ಚಿದ ಕ್ಷಣ ಆರುತ್ತದೆಯೇ ನೋಡಿ. ಇದನ್ನೇ ಮೂರು ಸಲ ಮಾಡಿಸಿ, ಆಮೇಲೆ ಹಣ ಕೊಡಿ.